ನಾಡಪ್ರಭು ಕೆಂಪೇಗೌಡರು: ಬಾಳಿದ ಬದುಕು, ನೆನಪಾಗಿ ಉಳಿದ ಬದುಕು

ಬೆಂಗಳೂರಿನ ಮಕ್ಕಳಿಗೆ ಕೆಂಪೇಗೌಡರನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ವಿಮಾನ ನಿಲ್ದಾಣಕ್ಕೆ ಅವರ ಹೆಸರಿದೆ, ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೂ ಅಲ್ಲಿನ ಮೆಟ್ರೊ ನಿಲ್ದಾಣಕ್ಕೂ ಅವರ ಹೆಸರಿದೆ. 2017ರಿಂದ ಪ್ರತಿ ಜೂನ್ 27ರಂದು ಸರ್ಕಾರ ಅವರ ಜಯಂತಿಯನ್ನು ಆಚರಿಸುತ್ತಿದೆ. ನಾನು ಈ ಶಾಲೆಯಲ್ಲಿ ಸಮಾಜ ವಿಜ್ಞಾನದ ಅಧ್ಯಾಪಕನಾಗಿದ್ದಾಗ ಆ ದಿನದ ಭಾಷಣ ಸ್ಪರ್ಧೆಗೆ ತೀರ್ಪುಗಾರನಾಗಿ ಕೂರುತ್ತಿದ್ದೆ. ಹತ್ತು ಮಕ್ಕಳು ಮಾತನಾಡಿದರೆ ಹತ್ತರಲ್ಲೂ ಅವೇ ನಾಲ್ಕು ಸಂಗತಿಗಳು: ನಾಯಿಯನ್ನು ಅಟ್ಟಿಸಿಕೊಂಡು ಹೋದ ಮೊಲ, ನಾಲ್ಕು ಜೊತೆ ಎತ್ತು, ನಾಲ್ಕು ಗೋಪುರ, ಕೋಟೆಗಾಗಿ ಪ್ರಾಣ ಕೊಟ್ಟ ಸೊಸೆ. ಗೌಡರು ಐದು ವರ್ಷ ಸೆರೆಯಲ್ಲಿದ್ದರು ಎಂಬ ಮಾತನ್ನು ಹೇಳಿದ ಮಗು ಅಪರೂಪ.

ಇದು ಮಕ್ಕಳ ಕೊರತೆಯಲ್ಲ. ಮನುಷ್ಯರ ನೆನಪು ಕೆಲಸ ಮಾಡುವ ರೀತಿಯೇ ಹಾಗೆ. ಐವತ್ತು ವರ್ಷದ ನೆನಪುಗಳನ್ನು ಕಲೆಹಾಕುತ್ತಿರುವ ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಆ ರೀತಿಯನ್ನು ತಿಳಿದುಕೊಳ್ಳುವುದು ಉಪಯುಕ್ತವೆಂದು ನನಗೆ ತೋರಿತು. ಅದಕ್ಕೆ ನಾಡಪ್ರಭುಗಳ ಬದುಕಿಗಿಂತ ಒಳ್ಳೆಯ ಉದಾಹರಣೆ ನಮ್ಮ ಸುತ್ತಮುತ್ತ ಇಲ್ಲ.

ಮನಸ್ಸಿನ ಅಚ್ಚು

ನಮ್ಮ ಮನೆಗಳಲ್ಲಿ ಹಿಂದೆ ಬೆಲ್ಲದ ಅಚ್ಚುಗಳು ಇರುತ್ತಿದ್ದವು. ಕುದಿದ ಪಾಕವನ್ನು ಯಾವ ಅಚ್ಚಿಗೆ ಹೊಯ್ದರೆ ಆ ಆಕಾರದ ಬೆಲ್ಲ. ಉಕ್ಕಿದ್ದು ಹೊರಗೆ ಚೆಲ್ಲುತ್ತದೆ, ಕಡಿಮೆಯಾದರೆ ಇನ್ನೊಂದಿಷ್ಟು ಸುರಿಯುತ್ತಾರೆ. ಮನಸ್ಸಿನಲ್ಲೂ ಇಂಥ ಅಚ್ಚುಗಳಿವೆ. ಮದುವೆ ಎಂದರೆ ಹೀಗಿರುತ್ತದೆ, ಶಾಲೆ ಎಂದರೆ ಹೀಗಿರುತ್ತದೆ, ವೀರ ಎಂದರೆ ಹೀಗಿರುತ್ತಾನೆ ಎಂದು ನಾವು ಚಿಕ್ಕಂದಿನಿಂದ ಕಂಡು ಕೇಳಿ ಮಾಡಿಕೊಂಡ ತಿಳಿವಳಿಕೆಯ ಆಕಾರಗಳು ಇವು. ಮನಶ್ಶಾಸ್ತ್ರಜ್ಞರು ಇವನ್ನು ಸ್ಕೀಮಾ ಎನ್ನುತ್ತಾರೆ.

ನೆನಪಿನ ಅಧ್ಯಯನಕ್ಕೆ ಈ ವಿಚಾರವನ್ನು ತಂದವರು ಇಂಗ್ಲೆಂಡಿನ ಫ್ರೆಡ್ರಿಕ್ ಬಾರ್ಟ್ಲೆಟ್. 1886ರಲ್ಲಿ ಹುಟ್ಟಿದ ಇವರು ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರದ ಮೊದಲ ಪ್ರಾಧ್ಯಾಪಕರು. 1932ರಲ್ಲಿ ನೆನಪಿನ ಬಗ್ಗೆ ಅವರ ದೊಡ್ಡ ಗ್ರಂಥ ಹೊರಬಂತು. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಅವರು ಇಂಗ್ಲಿಷ್ ಓದುಗರಿಗೆ ಕೊಟ್ಟು, ಸ್ವಲ್ಪ ಹೊತ್ತಿನ ನಂತರ, ಕೆಲವು ದಿನಗಳ ನಂತರ, ತಿಂಗಳುಗಳ ನಂತರ ಅದನ್ನೇ ಬರೆಯಲು ಹೇಳಿದರು. ಕಥೆ ಪ್ರತಿ ಸಲವೂ ಚಿಕ್ಕದಾಯಿತು. ಓದಿದವರಿಗೆ ಪರಿಚಯವಿಲ್ಲದ ಪುಟ್ಟ ದೋಣಿ ಅವರು ಬಲ್ಲ ಸಾಮಾನ್ಯ ದೋಣಿಯಾಯಿತು. ಸೀಲ್ ಬೇಟೆ ಮೀನು ಹಿಡಿಯುವ ಕೆಲಸವಾಯಿತು. ಅರ್ಥವಾಗದ ಭೂತಗಳ ಸಂಗತಿ ಕೆಲವರ ಬರಹದಲ್ಲಿ ಮಾಯವೇ ಆಯಿತು. ನೆನಪು ಪೆಟ್ಟಿಗೆಯಲ್ಲಿ ಇಟ್ಟ ಫೋಟೊ ಅಲ್ಲ, ನಾವು ಪ್ರತಿ ಸಲ ನೆನೆಯುವಾಗಲೂ ಅದನ್ನು ಹೊಸದಾಗಿ ಕಟ್ಟುತ್ತೇವೆ ಎಂಬುದು ಅವರ ತೀರ್ಮಾನ.

ಹೀಗೆ ಕಟ್ಟುವಾಗ ಮನಸ್ಸು ಮೂರು ಕೆಲಸ ಮಾಡುತ್ತದೆ. ಅಚ್ಚಿಗೆ ಹೊಂದದ್ದನ್ನು ಬಿಡುತ್ತದೆ. ಅರ್ಧ ಹೊಂದುವುದನ್ನು ಬದಲಿಸಿ ಹೊಂದಿಸುತ್ತದೆ. ಖಾಲಿ ಉಳಿದಲ್ಲಿ ತನಗೆ ಗೊತ್ತಿರುವುದನ್ನು ತುಂಬುತ್ತದೆ. ಅಮೆರಿಕದಲ್ಲಿ 1981ರಲ್ಲಿ ಬ್ರೂವರ್ ಮತ್ತು ಟ್ರೇಯನ್ಸ್ ಎಂಬ ಇಬ್ಬರು ಒಂದು ಪ್ರಯೋಗ ಪ್ರಕಟಿಸಿದರು. ವಿಶ್ವವಿದ್ಯಾಲಯದ ಒಂದು ಕೊಠಡಿಯಲ್ಲಿ ಅರ್ಧ ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತು ಕೂತು ಬಂದವರನ್ನು ಅಲ್ಲಿ ಏನೇನಿತ್ತು ಎಂದು ಕೇಳಿದರು. ಪುಸ್ತಕಗಳಿದ್ದವು ಎಂದು ಹಲವರು ಬರೆದರು. ಆ ಕೊಠಡಿಯಲ್ಲಿ ಒಂದು ಪುಸ್ತಕವೂ ಇರಲಿಲ್ಲ. ಓದುವವರ ಕೊಠಡಿ ಎಂದ ಮೇಲೆ ಪುಸ್ತಕ ಇರಲೇಬೇಕು ಎಂಬ ಅಚ್ಚು ಆ ಖಾಲಿ ಜಾಗವನ್ನು ತುಂಬಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಹಾಗೆ ನೆನಪಿತ್ತು.

ಒಬ್ಬರ ನೆನಪಿಗೆ ಆಗುವುದೇ ಊರಿನ ನೆನಪಿಗೂ ಆಗುತ್ತದೆ. ಬಾಯಿಂದ ಬಾಯಿಗೆ ನಾಲ್ಕೂವರೆ ಶತಮಾನ ದಾಟಿ ಬಂದ ಗೌಡರ ಬದುಕನ್ನು ಈಗ ನೋಡೋಣ.

ಯಲಹಂಕದ ಹುಡುಗ

ಕೆಂಪೇಗೌಡರ ವಂಶದ ಮೂಲ ದೇವನಹಳ್ಳಿಯ ಬಳಿಯ ಆವತಿ. ಹಿರಿಯರಾದ ರಣಭೈರೇಗೌಡರು ಕಂಚಿಯ ಕಡೆಯಿಂದ ಬಂಡಿ ಕಟ್ಟಿಕೊಂಡು ಬಂದರು, ಮನೆಯ ಹೆಣ್ಣುಮಗಳನ್ನು ಬಲವಂತದ ಮದುವೆಯಿಂದ ಉಳಿಸಲು ರಾತ್ರೋರಾತ್ರಿ ಊರು ಬಿಟ್ಟರು, ತುಂಬಿ ಹರಿಯುವ ನದಿ ಅವರಿಗೆ ದಾರಿ ಬಿಟ್ಟಿತು ಎಂದು ಪರಂಪರೆ ಹೇಳುತ್ತದೆ. ದಾರಿ ಬಿಟ್ಟ ನದಿಯನ್ನು ನಾವು ಬೇರೆ ಕಡೆಯೂ ಕಂಡಿದ್ದೇವೆ. ಕೃಷ್ಣನನ್ನು ಹೊತ್ತ ವಸುದೇವನಿಗೆ ಯಮುನೆ ಬಿಟ್ಟಿತ್ತು. ಒಂದು ಕುಟುಂಬ ಕಷ್ಟಕ್ಕೆ ಸಿಕ್ಕು ವಲಸೆ ಬಂದದ್ದು ನಡೆದ ಸಂಗತಿ ಇರಬೇಕು. ಅದನ್ನು ಹೇಳಲು ಜನರ ಬಳಿ ಆಗಲೇ ಒಂದು ಅಚ್ಚು ಇತ್ತು.

ಆವತಿಯ ಈ ಮನೆತನದ ಒಂದು ಕವಲು ಯಲಹಂಕ ನಾಡಿನಲ್ಲಿ ನೆಲೆ ನಿಂತು, ವಿಜಯನಗರಕ್ಕೆ ಕಪ್ಪ ಕೊಡುವ ನಾಡಪ್ರಭುಗಳಾಯಿತು. ಈ ಕವಲಿನ ಕೆಂಪನಂಜೇಗೌಡರ ಮಗನಾಗಿ 1510ರಲ್ಲಿ ಕೆಂಪೇಗೌಡರು ಹುಟ್ಟಿದರು. ಹೆಸರಘಟ್ಟದ ಬಳಿಯ ಐಗಂಡಪುರದ ಗುರುಕುಲದಲ್ಲಿ ಅವರ ವಿದ್ಯಾಭ್ಯಾಸವಾಯಿತೆಂದು ಹೇಳುತ್ತಾರೆ. ಅವರು ಬೆಳೆಯುವ ಕಾಲಕ್ಕೆ ವಿಜಯನಗರದಲ್ಲಿ ಕೃಷ್ಣದೇವರಾಯನ ಆಳ್ವಿಕೆ. ಹಂಪೆಯ ಬೀದಿಗಳು, ಸಂತೆಗಳು, ಕಾಲುವೆಗಳು, ದೇಗುಲಗಳು ತರುಣ ನಾಡಪ್ರಭುವಿನ ಕಣ್ಣಿಗೆ ಮಾದರಿಯಾದವು. ಹೊಸ ಊರು ಕಟ್ಟುವ ಅವರ ಆಸೆಗೆ ಅಚ್ಯುತರಾಯನ ಕಾಲದಲ್ಲಿ ಅಪ್ಪಣೆ ಸಿಕ್ಕಿತು. ಖರ್ಚಿಗೆಂದು ಹಲಸೂರು, ಬೇಗೂರು, ವರ್ತೂರು, ಜಿಗಣಿ, ಕೆಂಗೇರಿ ಮುಂತಾದ ಹೋಬಳಿಗಳ ಆದಾಯವನ್ನು ಬಿಟ್ಟುಕೊಟ್ಟರೆಂದು ಪ್ರತೀತಿ. ಹಲಸೂರು ನಮಗೆ ಪಶ್ಚಿಮಕ್ಕೆ, ವರ್ತೂರು ಪೂರ್ವಕ್ಕೆ. ದೊಡ್ಡನೆಕ್ಕುಂದಿಯ ಸುತ್ತಲಿನ ಹೊಲಗಳ ರಾಗಿಯೂ ಆ ಕೋಟೆಯ ಮಣ್ಣಿನಲ್ಲಿ ಸೇರಿರಬಹುದೆಂದು ಊಹಿಸಿದರೆ ಅತಿಯಾಗದು.

ಮೊಲ ಮತ್ತು ನಾಯಿ

ಬೇಟೆಗೆ ಹೋದ ಗೌಡರು ಒಂದು ಮೊಲ ನಾಯಿಯನ್ನೇ ಅಟ್ಟಿಸಿಕೊಂಡು ಹೋದದ್ದನ್ನು ಕಂಡು, ಇದು ಗಂಡುಭೂಮಿ ಎಂದು ತಿಳಿದು ಅಲ್ಲಿ ಊರು ಕಟ್ಟಲು ನಿಶ್ಚಯಿಸಿದರು. ಎಲ್ಲ ಮಕ್ಕಳಿಗೂ ಪ್ರಿಯವಾದ ಕಥೆ ಇದು. ಇದೇ ಮೊಲ ವಿಜಯನಗರದ ಸ್ಥಾಪನೆಯ ಕಥೆಯಲ್ಲೂ ಇದೆ. ಅಲ್ಲಿ ನೆಲೆಸಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ 16ನೇ ಶತಮಾನದಲ್ಲೇ ಅದನ್ನು ಬರೆದಿಟ್ಟಿದ್ದಾನೆ. ಗುಜರಾತಿನಲ್ಲಿ 1411ರಲ್ಲಿ ಅಹಮದ್ ಷಾ ಕಟ್ಟಿದ ಅಹಮದಾಬಾದಿಗೂ ಅದೇ ಮೊಲ, ಅದೇ ನಾಯಿ. ಶೃಂಗೇರಿಯಲ್ಲಿ ಮೊಲದ ಬದಲು ಕಪ್ಪೆ ಬರುತ್ತದೆ, ಬಿಸಿಲಿನಲ್ಲಿ ಅದಕ್ಕೆ ಹೆಡೆಯ ನೆರಳು ಕೊಡುವ ಸರ್ಪ ಬರುತ್ತದೆ. ಸ್ವಭಾವಕ್ಕೆ ವಿರುದ್ಧವಾದದ್ದು ನಡೆದ ನೆಲ ಪುಣ್ಯದ ನೆಲ ಎಂಬ ಅಚ್ಚು ಒಂದೇ.

ಗೌಡರು ಆ ಜಾಗವನ್ನು ಆರಿಸಿದ್ದಕ್ಕೆ ಬೇರೆ ಕಾರಣಗಳು ಕಣ್ಣಿಗೆ ಕಾಣುವಂತಿವೆ. ಅದು ದಿಬ್ಬದ ನೆಲ, ನೀರು ಎಲ್ಲ ದಿಕ್ಕಿಗೂ ಇಳಿದು ಹೋಗುತ್ತದೆ. ಆ ನೀರನ್ನು ತಗ್ಗಿನಲ್ಲಿ ತಡೆದರೆ ಕೆರೆಯಾಗುತ್ತದೆ. ನಾಲ್ಕು ಕಡೆಯಿಂದ ಬರುವ ದಾರಿಗಳು ಅಲ್ಲಿ ಕೂಡುತ್ತವೆ. ಒಬ್ಬ ಜಾಣ ಆಡಳಿತಗಾರ ಭೂಮಿಯನ್ನು ಅಳೆದು ನೋಡಿದ ಎಂಬುದು ಕಥೆಯಾಗಿ ಸಪ್ಪೆ. ಹಾಗಾಗಿ ಅಳತೆ ಮರೆತುಹೋಯಿತು, ಮೊಲ ಉಳಿಯಿತು.

ಊರಿನ ಹೆಸರಿನ ಕಥೆಯೂ ಇಂಥದ್ದೇ. ಹೊಯ್ಸಳ ವೀರಬಲ್ಲಾಳನು ದಾರಿ ತಪ್ಪಿ ಬಂದಾಗ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಆಯಿತು ಎನ್ನುತ್ತಾರೆ. ವೀರಬಲ್ಲಾಳನ ಕಾಲ 12ನೇ ಶತಮಾನದ ಕೊನೆ, 13ನೆಯದರ ಆರಂಭ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ಗಂಗರ ಕಾಲದ ವೀರಗಲ್ಲಿನಲ್ಲಿ, ಸುಮಾರು 890ರಲ್ಲೇ, ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ರಾಜನಿಗೆ ಹಸಿವಾಗುವ ಮುನ್ನೂರು ವರ್ಷ ಮೊದಲೇ ಊರಿಗೆ ಆ ಹೆಸರಿತ್ತು. ಕಲ್ಲು ಓದುವವರು ಕಡಿಮೆ, ಕಾಳಿನ ಕಥೆ ಹೇಳುವವರು ಹೆಚ್ಚು.

ಪೇಟೆ ಮತ್ತು ಕೆರೆ

1537ರಲ್ಲಿ ಊರಿನ ಕೆಲಸ ಆರಂಭವಾಯಿತೆಂದು ಪರಂಪರೆ. ಈಗಿನ ಅವೆನ್ಯೂ ರಸ್ತೆ ಎಂದರೆ ಅಂದಿನ ದೊಡ್ಡಪೇಟೆ. ಅದು ಚಿಕ್ಕಪೇಟೆಯನ್ನು ಕೂಡುವ ಚೌಕದಲ್ಲಿ ನಾಲ್ಕು ಜೊತೆ ಎತ್ತುಗಳಿಗೆ ನೊಗ ಹೂಡಿ ನಾಲ್ಕು ದಿಕ್ಕಿಗೆ ಉಳಿಸಿದರು. ಆ ಸಾಲುಗಳೇ ಮುಖ್ಯ ಬೀದಿಗಳಾದವು. ಸುತ್ತ ಮಣ್ಣಿನ ಕೋಟೆ, ಅದಕ್ಕೆ ಕಂದಕ, ಹಲಸೂರು, ಯಲಹಂಕ, ಆನೇಕಲ್, ಸೊಂಡೆಕೊಪ್ಪದ ಕಡೆಗೆ ಬಾಗಿಲುಗಳು. ಕೋಟೆ ಹೋಗಿ ಎಷ್ಟೋ ಕಾಲವಾದರೂ ಹಲಸೂರು ಗೇಟ್ ಎಂಬ ಹೆಸರು ಪೊಲೀಸ್ ಠಾಣೆಯ ಫಲಕದಲ್ಲಿ ಇಂದಿಗೂ ಇದೆ. ಒಳಗೆ ಕಸುಬಿಗೊಂದು ಪೇಟೆ: ಅರಳೆಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ಉಪ್ಪಾರಪೇಟೆ. ಕಸುಬಿನವರನ್ನು ಕರೆತಂದು ನೆಲೆ ನಿಲ್ಲಿಸಿದ ಈ ಕೆಲಸವೇ ಗೌಡರ ನಿಜವಾದ ಸಾಹಸವೆಂದು ನನ್ನ ಅಭಿಪ್ರಾಯ.

ನದಿಯಿಲ್ಲದ ಊರಿಗೆ ಕೆರೆಯೇ ಜೀವ. ಧರ್ಮಾಂಬುಧಿ ಕೆರೆ, ಕೆಂಪಾಂಬುಧಿ ಕೆರೆ, ಸಂಪಂಗಿ ಕೆರೆಗಳು ಅವರ ಹೆಸರಿನೊಂದಿಗೆ ಸೇರಿವೆ. ಧರ್ಮಾಂಬುಧಿಯ ಅಂಗಳದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಗವಿಪುರದ ಗಂಗಾಧರೇಶ್ವರ, ಬಸವನಗುಡಿಯ ದೊಡ್ಡ ಬಸವಣ್ಣ, ಹಲಸೂರಿನ ಸೋಮೇಶ್ವರ ದೇವಾಲಯಗಳ ಅಭಿವೃದ್ಧಿಯನ್ನೂ ಜನರು ಅವರಿಗೆ ಸಲ್ಲಿಸುತ್ತಾರೆ.

ಇಲ್ಲೊಂದು ಗಮನಿಸಬೇಕಾದ ಸಂಗತಿ ಇದೆ. ನಮ್ಮ ಸುತ್ತಲಿನ ಯಾವ ಹಳೆಯ ಕೆರೆಯ ಬಗ್ಗೆ ಕೇಳಿದರೂ ಹಿರಿಯರು ಕೆಂಪೇಗೌಡರು ಕಟ್ಟಿಸಿದ್ದು ಎನ್ನುತ್ತಾರೆ. ನಮ್ಮ ನೆರೆಯ ವಿಭೂತಿಪುರದಲ್ಲಿ ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ, 14ನೇ ಶತಮಾನದ ಆರಂಭದ ಶಾಸನವಿದೆ. ಕಾಡು ಕಡಿದು, ನೆಲ ಸಮ ಮಾಡಿ, ಊರು ಮಾಡಿ ಕೆರೆ ಕಟ್ಟಿದ ವಿಷಯ ಅದರಲ್ಲಿದೆ. ಗೌಡರು ಹುಟ್ಟುವುದಕ್ಕೆ ಎರಡು ಶತಮಾನ ಮೊದಲಿನ ಮಾತು ಅದು. ಅಗರದ ಕೆರೆಯ ಶಾಸನ ಇನ್ನೂ ಹಿಂದಿನದು, ಗಂಗರ ಕಾಲದ್ದು. ಕೆರೆ ಕಟ್ಟಿಸಿದವರೆಂದರೆ ಕೆಂಪೇಗೌಡರು ಎಂಬ ಅಚ್ಚು ಒಮ್ಮೆ ಗಟ್ಟಿಯಾದ ಮೇಲೆ, ಹೆಸರು ಮರೆತ ಎಲ್ಲ ಕೆರೆಗಳೂ ಅದರೊಳಗೆ ಹರಿದವು. ಇದರಿಂದ ಗೌಡರಿಗೆ ಹೊಸದಾಗಿ ಬಂದ ಕೀರ್ತಿ ಸ್ವಲ್ಪ. ಮಣ್ಣು ಹೊತ್ತ ಒಡ್ಡರು, ತೂಬು ನೋಡಿಕೊಂಡ ನೀರಗಂಟಿಗಳು, ಜಾಗ ಗುರುತಿಸಿದ ಹಳ್ಳಿಯ ಹಿರಿಯರು ಕಳೆದುಕೊಂಡದ್ದು ಬಹಳ.

ಇಬ್ಬರು ಒಬ್ಬರಾದದ್ದು

ಲಾಲ್‌ಬಾಗಿನ ಬಂಡೆ, ಕೆಂಪಾಂಬುಧಿ ಕೆರೆಯ ದಡ, ಹಲಸೂರು ಕೆರೆಯ ಬಳಿ, ಮೇಖ್ರಿ ವೃತ್ತ ಈ ನಾಲ್ಕು ಕಡೆ ಇರುವ ಗೋಪುರಗಳನ್ನು ಊರು ಸ್ಥಾಪಿಸಿದ ಹಿರಿಯ ಕೆಂಪೇಗೌಡರೇ ಕಟ್ಟಿಸಿದರು, ಊರು ಅಲ್ಲಿಯವರೆಗೆ ಬೆಳೆಯುತ್ತದೆಂದು ಅವರು ಮುಂಗಂಡಿದ್ದರು ಎಂದು ಮಕ್ಕಳು ಹೇಳುತ್ತಾರೆ. ಅವು ಅವರ ನಂತರದ ಇಮ್ಮಡಿ ಕೆಂಪೇಗೌಡರ ಕಾಲದವು ಎಂದು ಹಲವು ಇತಿಹಾಸಕಾರರು ಬರೆದಿದ್ದಾರೆ. ಆ ಮನೆತನದಲ್ಲಿ ಕೆಂಪೇಗೌಡ ಎಂಬ ಹೆಸರು ತಲೆಮಾರುಗಳ ಕಾಲ ನಡೆದು ಬಂತು. ನೆನಪಿಗೆ ಒಂದೇ ಹೆಸರಿನ ಹಲವರನ್ನು ಬೇರೆ ಬೇರೆ ಇಟ್ಟುಕೊಳ್ಳುವುದು ಕಷ್ಟ. ಹಿರಿಯರ ಹೆಸರಿಗೆ ಕಿರಿಯರ ಕೆಲಸ ಸೇರುತ್ತದೆ. ಭೋಜರಾಜನ ಹೆಸರಿಗೆ, ಬೀರಬಲ್ಲನ ಹೆಸರಿಗೆ ಎಷ್ಟು ಕಥೆಗಳು ಬಂದು ಸೇರಿಕೊಂಡಿವೆ ನೋಡಿ.

ಗೋಪುರಗಳು ಎತ್ತರದ ಜಾಗದಲ್ಲಿವೆ. ಬರುವವರನ್ನು ದೂರದಿಂದ ಕಾಣುವ ಕಾವಲಿಗೆ ಅವು ತಕ್ಕವು. ನಗರ ಅವನ್ನು ದಾಟಿ ಬೆಳೆದ ಮೇಲೆ, ಬೆಳವಣಿಗೆಯನ್ನು ಕಣ್ಣಾರೆ ಕಂಡ ನಾವು ಅದಕ್ಕೊಂದು ಭವಿಷ್ಯವಾಣಿಯನ್ನು ಹಿಂದಕ್ಕೆ ಹೋಗಿ ಇಟ್ಟು ಬಂದೆವು. ಹಲಸೂರಿನ ಗೋಪುರದಿಂದ ಎಷ್ಟೋ ಆಚೆಗಿರುವ ನಮ್ಮ ದೊಡ್ಡನೆಕ್ಕುಂದಿಯಲ್ಲಿ ಇಂದು ಹೊರ ವರ್ತುಲ ರಸ್ತೆ ಹಾದಿದೆ, ಮೆಟ್ರೊ ಕಂಬಗಳು ನಿಂತಿವೆ.

ಸೊಸೆ ಲಕ್ಷ್ಮೀದೇವಿ

ಕೋಟೆಯ ಬಾಗಿಲು ಕಟ್ಟಿದಂತೆಲ್ಲ ಬೀಳುತ್ತಿತ್ತು, ಅದಕ್ಕೆ ಬಲಿ ಬೇಕೆಂದಾಗ ತುಂಬು ಗರ್ಭಿಣಿಯಾದ ಸೊಸೆ ಲಕ್ಷ್ಮೀದೇವಿ ಯಾರಿಗೂ ಹೇಳದೆ ರಾತ್ರಿ ಹೋಗಿ ತನ್ನನ್ನೇ ಕೊಟ್ಟುಕೊಂಡಳು ಎಂಬುದು ಕಥೆ. ಕೋರಮಂಗಲದಲ್ಲಿ ಅವಳ ಗುಡಿ ಇದೆ. ನಮ್ಮ ಜನಪದದ ಕೆರೆಗೆ ಹಾರ ಕಥನಗೀತೆಯಲ್ಲಿ ನೀರು ಬಾರದ ಕೆರೆಗೆ ಬಲಿಯಾದವಳು ಕಿರಿಯ ಸೊಸೆ ಭಾಗೀರಥಿ. ದೂರದ ಬಾಲ್ಕನ್ ದೇಶಗಳ ಹಾಡಿನಲ್ಲಿ ಸ್ಕಾದರ್ ಕೋಟೆ ನಿಲ್ಲಲೆಂದು ಗೋಡೆಯಲ್ಲಿ ಮುಚ್ಚಲ್ಪಟ್ಟವಳೂ ಕಿರಿಯ ತಮ್ಮನ ಹೆಂಡತಿ. ಎಲ್ಲಿಯೂ ಬಲಿಯಾದವಳು ಹೊರಗಿನಿಂದ ಮನೆಗೆ ಬಂದ ಹೆಣ್ಣು.

ಅಚ್ಚು ಒಂದೇ ಎಂದ ಮಾತ್ರಕ್ಕೆ ಲಕ್ಷ್ಮೀದೇವಿ ಇರಲೇ ಇಲ್ಲ ಎಂದು ಹೇಳಲಾಗದು. ಅವಳು ಹೇಗೆ ಬದುಕಿದಳು, ಏನನ್ನು ಬಯಸಿದಳು, ಹೇಗೆ ತೀರಿಕೊಂಡಳು ಎಂಬುದೆಲ್ಲ ಅಚ್ಚಿನಿಂದ ಹೊರಗೆ ಚೆಲ್ಲಿಹೋಗಿದೆ. ತಾನೇ ಒಪ್ಪಿ ಹೋದಳು ಎಂಬ ಮಾತು ಮಾತ್ರ ಗಟ್ಟಿಯಾಗಿ ಉಳಿದಿದೆ. ಕೇಳುವವರ ಮನಸ್ಸಿಗೆ ಆ ಮಾತು ಸಮಾಧಾನ ಕೊಡುತ್ತದೆ, ಅದಕ್ಕೇ ಉಳಿದಿದೆ. ತರಗತಿಯಲ್ಲಿ ಈ ಪಾಠ ಬಂದಾಗ ಮುಂದಿನ ಬೆಂಚಿನ ಹೆಣ್ಣುಮಕ್ಕಳ ಮುಖ ನೋಡಿ ನಾನು ಈ ಪ್ರಶ್ನೆಯನ್ನು ಅವರ ಮುಂದಿಡುತ್ತಿದ್ದೆ. ಅವರು ಕೊಟ್ಟ ಉತ್ತರಗಳು ಪಠ್ಯಪುಸ್ತಕಕ್ಕಿಂತ ಚೆನ್ನಾಗಿರುತ್ತಿದ್ದವು.

ಹೆಣ್ಣುಮಕ್ಕಳ ವಿಷಯದಲ್ಲೇ ಇನ್ನೊಂದು ಸಂಗತಿ ಇದೆ. ಬಂಡಿದೇವರ ಆಚರಣೆಯಲ್ಲಿ ಹೆಂಗಸರ ಕೈಬೆರಳಿನ ತುದಿ ಕತ್ತರಿಸುವ ಪದ್ಧತಿಯನ್ನು ಕೆಂಪೇಗೌಡರು ನಿಲ್ಲಿಸಿದರು ಎಂದು ಅವರ ಸುಧಾರಣೆಗಳ ಪಟ್ಟಿಯಲ್ಲಿ ಹೇಳುತ್ತಾರೆ. 19ನೇ ಶತಮಾನದ ಆರಂಭದಲ್ಲಿ ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಆ ಪದ್ಧತಿ ತನ್ನ ಕಾಲದಲ್ಲೂ ಇದ್ದದ್ದನ್ನು ದಾಖಲಿಸಿದ್ದಾನೆ. ಗೌಡರು ಅದನ್ನು ವಿರೋಧಿಸಿದ್ದರೆ ಅದು ದೊಡ್ಡ ಮಾತೇ. ಆದರೆ ಒಳ್ಳೆಯ ದೊರೆ ಹೇಳಿದೊಡನೆ ಕೆಟ್ಟ ಪದ್ಧತಿ ನಿಂತಿತು ಎಂಬ ಅಚ್ಚಿನಲ್ಲಿ, ಅವರ ನಂತರ ಇನ್ನೂರೈವತ್ತು ವರ್ಷ ಬೆರಳು ಕಳೆದುಕೊಂಡ ಹೆಣ್ಣುಮಕ್ಕಳು ಕಾಣದೆ ಹೋಗುತ್ತಾರೆ.

ಆನೆಗೊಂದಿಯ ಸೆರೆ

ಗೌಡರು ವಿಜಯನಗರದ ಅಪ್ಪಣೆಯಿಲ್ಲದೆ ತಮ್ಮ ಕುಲದೈವ ಭೈರವನ ಹೆಸರಿನಲ್ಲಿ ನಾಣ್ಯ ಅಚ್ಚು ಹಾಕಿಸಿದರು. ನಾಣ್ಯ ಹಾಕಿಸುವುದೆಂದರೆ ಸ್ವತಂತ್ರ ರಾಜನೆಂದು ಸಾರಿದಂತೆ. ನೆರೆಯ ಪಾಳೆಯಗಾರರು ದೂರಿತ್ತರು. ಆಗ ಸಿಂಹಾಸನದಲ್ಲಿದ್ದವನು ಸದಾಶಿವರಾಯ, ಅಧಿಕಾರವೆಲ್ಲ ಅಳಿಯ ರಾಮರಾಯನದು. ಗೌಡರನ್ನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿಟ್ಟರು, ದಂಡ ಕಟ್ಟಿದ ಮೇಲೆ ಬಿಟ್ಟರು ಎಂದು ಪರಂಪರೆ ಹೇಳುತ್ತದೆ. ಊರು ಕಟ್ಟಿದ ಕೈಗಳು ಐದು ವರ್ಷ ಕಲ್ಲುಗೋಡೆಯ ಒಳಗೆ ಕೂತಿದ್ದವು. ಅಷ್ಟು ಕಾಲವೂ ಊರು ನಡೆಯಿತು, ಪೇಟೆ ನಡೆಯಿತು, ಕೆರೆಗೆ ನೀರು ಬಂತು. ಯಾರು ನಡೆಸಿದರು ಎಂದು ಭಾಷಣಗಳು ಕೇಳುವುದಿಲ್ಲ.

ಒಂದು ವರ್ಷ ನಾನು ಒಂಬತ್ತನೆಯ ತರಗತಿಯಲ್ಲಿ ಬಾರ್ಟ್ಲೆಟ್ ಅವರ ರೀತಿಯ ಒಂದು ಆಟ ಆಡಿಸಿದೆ. ಈ ಸೆರೆಯ ಪ್ರಸಂಗವನ್ನು ಎಂಟು ವಾಕ್ಯದಲ್ಲಿ ಬರೆದು ಒಬ್ಬ ಹುಡುಗನಿಗೆ ಓದಲು ಕೊಟ್ಟೆ. ಅವನು ಹಾಳೆ ನೋಡದೆ ಇನ್ನೊಬ್ಬಳಿಗೆ ಜಗಲಿಯಲ್ಲಿ ನಿಂತು ಹೇಳಬೇಕು, ಅವಳು ಮತ್ತೊಬ್ಬನಿಗೆ. ಹತ್ತನೆಯ ಮಗು ತರಗತಿಯ ಮುಂದೆ ಬಂದು ಹೇಳಿದಾಗ ಎಂಟು ವಾಕ್ಯ ಮೂರಾಗಿತ್ತು. ನಾಣ್ಯ ಹೋಗಿತ್ತು. ದಂಡ ಕಟ್ಟಿದ್ದು ಹೋಗಿ ಕಾವಲುಗಾರರನ್ನು ಸೋಲಿಸಿ ಹೊರಬಂದದ್ದು ಸೇರಿತ್ತು. ಕೊನೆಯಲ್ಲಿ ರಾಮರಾಯನೇ ಕ್ಷಮೆ ಕೇಳಿದ್ದ. ಯಾವ ಮಗುವೂ ಬೇಕೆಂದು ಸುಳ್ಳು ಹೇಳಿರಲಿಲ್ಲ. ಪ್ರತಿಯೊಬ್ಬರೂ ತಮಗೆ ಗೊತ್ತಿದ್ದ ವೀರನ ಅಚ್ಚಿಗೆ ಹೊಂದುವಂತೆ ಒಂದಿಷ್ಟು ಸರಿಪಡಿಸಿದ್ದರು. ಮೊದಲಿನ ಹಾಳೆಯನ್ನು ಓದಿದಾಗ ಇಡೀ ತರಗತಿ ನಕ್ಕಿತು, ನಂತರ ಸುಮ್ಮನಾಯಿತು. ನಲವತ್ತೈದು ನಿಮಿಷದ ಒಂದು ಪಿರಿಯಡ್‌ನಲ್ಲಿ ಇಷ್ಟು ಬದಲಾದರೆ ನಾಲ್ಕೂವರೆ ಶತಮಾನದಲ್ಲಿ ಎಷ್ಟಾದೀತು ಎಂದು ಒಬ್ಬಳು ಕೇಳಿದಳು. ಆ ಪಾಠ ಅಷ್ಟಕ್ಕೇ ಮುಗಿಯಿತು.

ಕೊನೆಯ ದಿನಗಳು

ಸೆರೆಯಿಂದ ಬಂದ ಗೌಡರು ತಮ್ಮ ನಾಡನ್ನು ಮತ್ತೆ ನೋಡಿಕೊಂಡರು. 1565ರಲ್ಲಿ ರಕ್ಕಸಗಿ ತಂಗಡಿಯ ಯುದ್ಧದಲ್ಲಿ ವಿಜಯನಗರ ಸೋತಿತು, ರಾಮರಾಯ ಮಡಿದ, ಗೌಡರು ಮಾದರಿಯಾಗಿ ಕಂಡಿದ್ದ ಹಂಪೆ ಹಾಳಾಯಿತು. ಅದನ್ನೂ ಅವರು ಬದುಕಿದ್ದು ಕೇಳಿದರು. 1569ರಲ್ಲಿ ತೀರಿಕೊಂಡರು. 2015ರಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಅವರದೆಂದು ಗುರುತಿಸಲಾದ ಸಮಾಧಿಯೊಂದರ ಶಾಸನ ಬೆಳಕಿಗೆ ಬಂತು. ಹಿರಿಯ ಕೆಂಪಯ್ಯಗೌಡರು ಕುಣಿಗಲ್ ಕಡೆಯಿಂದ ಬರುವಾಗ ಅಲ್ಲಿ ಮಡಿದರೆಂದು ಅದು ಹೇಳುತ್ತದೆ. ರಾಜಧಾನಿಯಲ್ಲಿ ಅಲ್ಲ, ಕೆಲಸದ ಮೇಲೆ ಹೋಗಿ ಬರುವ ದಾರಿಯಲ್ಲಿ. ಅಷ್ಟು ವರ್ಷ ಆ ಕಲ್ಲು ಬಯಲಿನಲ್ಲೇ ಇತ್ತು.

ಮುಂದೆ 1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ಗೆದ್ದುಕೊಂಡಿತು, ಊರು ಷಹಾಜಿಗೆ ಜಹಗೀರಾಯಿತು. ಗೌಡರ ಮನೆತನ ಮಾಗಡಿಗೆ ಸರಿದು, 1728ರಲ್ಲಿ ಮೈಸೂರಿನವರು ಸಾವನದುರ್ಗವನ್ನು ಹಿಡಿಯುವವರೆಗೆ ಅಲ್ಲಿ ಆಳಿತು. ಶಿವಗಂಗೆಯ ಗಂಗಾಧರೇಶ್ವರ ದೇವಾಲಯದಲ್ಲಿ, ದೇವರ ಸನ್ನಿಧಿಯಲ್ಲಿ, ಗೌಡರ ಲೋಹದ ಮೂರ್ತಿಯೊಂದಿದೆ. ಅವರು ತೀರಿಕೊಂಡ ಕೆಲವು ದಶಕಗಳಲ್ಲಿ ಮಾಡಿಸಿದ್ದು, ಅಲ್ಲಿ ಅವರು ಭಕ್ತರಲ್ಲಿ ಒಬ್ಬರು. 2022ರ ನವೆಂಬರ್ 11ರಂದು ವಿಮಾನ ನಿಲ್ದಾಣದಲ್ಲಿ ಅನಾವರಣಗೊಂಡ 108 ಅಡಿಯ ಪ್ರತಿಮೆಯ ಕೈಯಲ್ಲಿ ಖಡ್ಗವಿದೆ. ಒಬ್ಬರೇ ವ್ಯಕ್ತಿ, ಎರಡು ಕಾಲದ ಎರಡು ಅಚ್ಚು. ಅವರ ಬದುಕಿನ ಮುಖ್ಯ ಸಲಕರಣೆಗಳಾಗಿದ್ದ ನೇಗಿಲು, ಅಳತೆಯ ಹಗ್ಗ, ಕೆರೆಯ ತೂಬು ಎರಡರಲ್ಲೂ ಇಲ್ಲ.

ನಮ್ಮ ಐವತ್ತು ವರ್ಷ

ಅಚ್ಚುಗಳನ್ನು ಒಡೆದು ಹಾಕಬೇಕೆಂದು ನಾನು ಹೇಳುತ್ತಿಲ್ಲ. ಅಚ್ಚಿಲ್ಲದಿದ್ದರೆ ಬೆಲ್ಲ ನಿಲ್ಲುವುದೇ ಇಲ್ಲ. ಮೊಲದ ಕಥೆ ಇಲ್ಲದಿದ್ದರೆ ಗೌಡರ ಹೆಸರೂ ನಮ್ಮವರೆಗೆ ಬರುತ್ತಿತ್ತೋ ಇಲ್ಲವೋ. ಪರೀಕ್ಷೆಗೆ ಓದುವ ಮಕ್ಕಳೂ ಹೊಸ ಪಾಠವನ್ನು ಹಳೆಯ ತಿಳಿವಳಿಕೆಗೆ ಅಂಟಿಸಿಕೊಂಡೇ ನೆನಪಿಡುತ್ತಾರೆ. ಅಚ್ಚು ಇದೆ ಎಂಬುದು ಗೊತ್ತಿರಬೇಕು, ಹೊರಗೆ ಚೆಲ್ಲಿದ್ದನ್ನು ಹುಡುಕುವ ಅಭ್ಯಾಸ ಇರಬೇಕು, ಅಷ್ಟೆ.

ಈ ಸಂಚಿಕೆಗೆ ಬಂದ ನೆನಪುಗಳನ್ನು ಓದುವಾಗಲೂ ಇದು ಅನ್ವಯಿಸುತ್ತದೆ. ಆಗಿನ ಮೇಷ್ಟ್ರುಗಳು ಶಿಸ್ತಿನವರು, ಆಗಿನ ಮಕ್ಕಳು ವಿಧೇಯರು, ಆಗಿನ ಕಾಲ ಒಳ್ಳೆಯದು ಎಂಬ ಅಚ್ಚು ಎಲ್ಲ ಸುವರ್ಣ ಮಹೋತ್ಸವಗಳಲ್ಲೂ ಇರುತ್ತದೆ. ಅದರಲ್ಲಿ ನಿಜವೂ ಇದೆ. ಆದರೆ ಏಳನೆಯ ತರಗತಿ ಮುಗಿಸಿ ಹೈಸ್ಕೂಲಿಗೆ ಬಾರದೆ ನಿಂತ ಹೆಣ್ಣುಮಕ್ಕಳು, ಹೊಲ ಮಾರಿದ ಮೇಲೆ ಊರು ಬಿಟ್ಟುಹೋದ ಮನೆಯ ಮಕ್ಕಳು, ಗಾರೆ ಕೆಲಸಕ್ಕೆ ಬಂದವರ ಜೊತೆ ಬಂದು ವರ್ಷದ ನಡುವೆ ಹೊರಟುಹೋದವರು, ಕೊಠಡಿ ಗುಡಿಸಿ ನೀರು ತುಂಬಿಟ್ಟ ಅಮ್ಮಂದಿರು ಆ ಅಚ್ಚಿನಲ್ಲಿ ಕೂರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅವರ ಹೆಸರುಗಳಿವೆ, ನಮ್ಮ ಮಾತಿನಲ್ಲಿ ಇಲ್ಲ.

ಹಾಗಾಗಿ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಒಟ್ಟಿಗೆ ಕೂತು ಮಾತನಾಡುವ ಮೊದಲು ನಿಮ್ಮ ನಿಮ್ಮ ನೆನಪನ್ನು ಬೇರೆ ಬೇರೆಯಾಗಿ ಬರೆದಿಡಿ, ಏಕೆಂದರೆ ಒಬ್ಬರ ಮಾತು ಕೇಳಿದ ಮೇಲೆ ಇನ್ನೊಬ್ಬರ ನೆನಪು ಅದರಂತೆ ಬಾಗುತ್ತದೆ. ಇಸವಿ ಹಾಕಿ. ಹಳೆಯ ಫೋಟೊದ ಹಿಂದೆ ಎಲ್ಲರ ಹೆಸರು ಬರೆಯಿರಿ, ಕೊನೆಯ ಸಾಲಿನಲ್ಲಿ ನಿಂತವರದ್ದೂ. ನಮ್ಮ ಊರ ಕೆರೆಯಲ್ಲಿ ಈಜು ಕಲಿತ ಹಿರಿಯರು ಇನ್ನೂ ಇದ್ದಾರೆ. ಕೋಡಿ ಎಲ್ಲಿ ಬೀಳುತ್ತಿತ್ತು, ತೂಬು ಯಾರು ತೆಗೆಯುತ್ತಿದ್ದರು, ಯಾವ ಗದ್ದೆಗೆ ಮೊದಲು ನೀರು ಹೋಗುತ್ತಿತ್ತು ಎಂದು ಕೇಳಿ ಬರೆದುಕೊಳ್ಳಿ. ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ಹೊಂದದಿದ್ದರೆ ಒಂದನ್ನು ಅಳಿಸಬೇಡಿ, ಎರಡನ್ನೂ ಉಳಿಸಿ. ಶಾಲೆಯ ಗ್ರಂಥಾಲಯದಲ್ಲಿ ಅದಕ್ಕೊಂದು ಕಪಾಟು ಇಟ್ಟರೆ ಮುಂದಿನ ಐವತ್ತು ವರ್ಷದ ಮಕ್ಕಳಿಗೆ ಅದು ಒಳ್ಳೆಯ ಪಾಠವಾಗುತ್ತದೆ. ಶಾಲೆಗೆ ಶುಭವಾಗಲಿ.